ಎದೆನೋವಿಗೆ ತಾಲ್ಲೂಕು ಆಸ್ಪತ್ರೆಯಲ್ಲೇ ಇಂಜೆಕ್ಷನ್ ಕೊಟ್ಟರು, ನೋವು ಹೋಯ್ತು. ಆಂಜಿಯೋಗ್ರಾಮ್ ಮಾಡಿಸಲೇಬೇಕಾ?

ಬಯಲುಸೀಮೆ_ಹುಡುಗಿ:

ಎಲ್ಲರಿಗೂ ನಮಸ್ಕಾರ. ಸ್ವಲ್ಪ ಬೇಗ ಉತ್ತರ ಬೇಕಿತ್ತು. ನಮ್ಮಪ್ಪನಿಗೆ 61 ವರ್ಷ, ಶುಗರ್ ಇದೆ. ಇವತ್ತು ಬೆಳಗಿನ ಜಾವ ಎದೆನೋವು ಬಂತು. ಗ್ಯಾಸ್ ಇರಬೇಕು ಅಂತ ಸೋಡಾ ಕುಡಿದು ಕೂತಿದ್ದರಂತೆ. ಬನಿಯನ್ ಹಿಂಡುವಷ್ಟು ಬೆವತ ಮೇಲೆ ಅಮ್ಮ ಗಾಬರಿಯಾಗಿ ಪಕ್ಕದ ಮನೆಯವರ ಆಟೋ ಹತ್ತಿಸಿ ತಾಲ್ಲೂಕು ಆಸ್ಪತ್ರೆಗೆ ಕರೆದುಕೊಂಡು ಹೋದರು. ಅಲ್ಲಿ ಇಸಿಜಿ ತೆಗೆದು, ಅದನ್ನು ಎಲ್ಲಿಗೋ ಕಳಿಸಿ, ಫೋನ್‌ನಲ್ಲಿ ಮಾತಾಡಿ, ಹಾರ್ಟ್ ಅಟ್ಯಾಕ್ ಅಂತ ಹೇಳಿ ಒಂದು ಇಂಜೆಕ್ಷನ್ ಕೊಟ್ಟರು. ಒಂದು ಪೈಸೆ ತೆಗೆದುಕೊಂಡಿಲ್ಲ. ಸ್ವಲ್ಪ ಹೊತ್ತಿಗೆ ನೋವು ಇಳಿಯಿತು. ಆಮೇಲೆ ಆಂಬುಲೆನ್ಸ್‌ನಲ್ಲಿ ದಾವಣಗೆರೆಗೆ ಕಳಿಸಿದರು, ಈಗ ಅಲ್ಲೇ ಐಸಿಯುನಲ್ಲಿದ್ದಾರೆ. ನಾನು ಬೆಂಗಳೂರಿನಿಂದ ಬಸ್ಸಲ್ಲಿ ಹೋಗುತ್ತಿದ್ದೇನೆ.

ಅಲ್ಲಿನ ಡಾಕ್ಟರ್ ನಾಳೆ ಬೆಳಿಗ್ಗೆ ಒಳಗೆ ಆಂಜಿಯೋಗ್ರಾಮ್ (ಹೃದಯದ ರಕ್ತನಾಳ ಎಲ್ಲಿ ಕಟ್ಟಿದೆ ಅಂತ ನೋಡುವ ಪರೀಕ್ಷೆ) ಆಗಬೇಕು, ಬ್ಲಾಕ್ ಇದ್ದರೆ ಸ್ಟೆಂಟ್ (ನಾಳವನ್ನು ತೆರೆದಿಡುವ ಸಣ್ಣ ಜಾಲರಿ ಕೊಳವೆ) ಹಾಕಬೇಕು ಅನ್ನುತ್ತಿದ್ದಾರೆ. ಅಪ್ಪ ಎದ್ದು ಕೂತು, ನೋವೇ ಇಲ್ಲವಲ್ಲ, ಮನೆಗೆ ನಡೀರಿ ಅಂತ ಹಠ ಹಿಡಿದಿದ್ದಾರೆ. ಚಿಕ್ಕಪ್ಪನೂ ಅದೇ ರಾಗ: ಆ ಇಂಜೆಕ್ಷನ್‌ನಲ್ಲಿ ಎಲ್ಲಾ ಕರಗಿ ಹೋಗಿರುತ್ತೆ, ಇನ್ನು ಸ್ಟೆಂಟ್ ಅಂದರೆ ಸುಮ್ನೆ ದುಡ್ಡು ಮಾಡೋ ದಾರಿ. ನಮ್ಮದು ಎಪಿಎಲ್ ಕಾರ್ಡ್ ಬೇರೆ. ಒಂದು ವಾರ ಬಿಟ್ಟು ಮಾಡಿಸಿದರೆ ಆಗಲ್ವಾ?

ನೈಟ್‌ಡ್ಯೂಟಿ_ಡಾಕ್ಟ್ರು:

ಮನೆಗೆ ಕರೆದುಕೊಂಡು ಹೋಗಬೇಡಿ. ಮೊದಲು ಇದನ್ನು ಚಿಕ್ಕಪ್ಪನಿಗೆ ಫೋನ್ ಮಾಡಿ ಹೇಳಿ, ಆಮೇಲೆ ಮುಂದಕ್ಕೆ ಓದಿ.

ನಾನು ಬೇರೆ ಜಿಲ್ಲೆಯ ತಾಲ್ಲೂಕು ಆಸ್ಪತ್ರೆಯಲ್ಲಿ ಕೆಲಸ ಮಾಡುತ್ತೇನೆ, ಹೃದಯದ ಸ್ಪೆಷಲಿಸ್ಟ್ ಅಲ್ಲ. ನಿಮ್ಮ ತಂದೆಗೆ ಕೊಟ್ಟಿದ್ದು ಬಹುಶಃ ಟೆನೆಕ್ಟೆಪ್ಲೇಸ್, ಪುನೀತ್ ರಾಜ್‌ಕುಮಾರ್ ಹೃದಯ ಜ್ಯೋತಿ ಯೋಜನೆಯಲ್ಲಿ ಬರುವ ಇಂಜೆಕ್ಷನ್. ಇದು ಕರಗಿಸುವುದು ರಕ್ತನಾಳದಲ್ಲಿ ಆಗಷ್ಟೇ ಹೆಪ್ಪುಗಟ್ಟಿ ಕೂತ ರಕ್ತವನ್ನು ಮಾತ್ರ. ಆ ಹೆಪ್ಪು ಯಾಕೆ ಆಯಿತು? ನಾಳದ ಗೋಡೆಯಲ್ಲಿ ವರ್ಷಗಟ್ಟಲೆ ಕೊಬ್ಬು ಕಟ್ಟಿ, ಅದು ಇವತ್ತು ಒಡೆಯಿತು, ಅದಕ್ಕೆ. ಆ ಒಡೆದ ಜಾಗ ಈಗಲೂ ಹಾಗೇ ಇದೆ. ಮತ್ತೆ ಅಲ್ಲೇ ಹೆಪ್ಪುಗಟ್ಟಬಹುದು, ಇವತ್ತು ರಾತ್ರಿಯೇ ಆಗಬಹುದು. ಅದಕ್ಕೇ ಇಂಜೆಕ್ಷನ್ ಕೆಲಸ ಮಾಡಿದೆ ಅನ್ನಿಸಿದರೂ 2ರಿಂದ 24 ಗಂಟೆ ಒಳಗೆ ಆಂಜಿಯೋಗ್ರಾಮ್ ಮಾಡಿ ಅಂತ ನಿಯಮ ಇರುವುದು. ಒಂದು ವಾರ ಬಿಟ್ಟು ಅಲ್ಲ.

2013ರಲ್ಲಿ ಸ್ಟ್ರೀಮ್ ಅಂತ ಒಂದು ದೊಡ್ಡ ಅಧ್ಯಯನದ ಫಲಿತಾಂಶ ಬಂತು, 1,892 ರೋಗಿಗಳು. ಬೇಗ ಕ್ಯಾಥ್ ಲ್ಯಾಬ್ (ಆಂಜಿಯೋಗ್ರಾಮ್ ಮಾಡುವ, ಸ್ಟೆಂಟ್ ಹಾಕುವ ಕೊಠಡಿ) ಸಿಗದವರಿಗೆ ಮೊದಲು ಈ ಇಂಜೆಕ್ಷನ್, ಆಮೇಲೆ ಆಂಜಿಯೋ ಮಾಡಿದರೆ, ನೇರ ಆಂಜಿಯೋಪ್ಲಾಸ್ಟಿ (ಬಲೂನ್, ಸ್ಟೆಂಟ್‌ನಿಂದ ನಾಳ ಬಿಡಿಸುವುದು) ಮಾಡಿಸಿಕೊಂಡವರಷ್ಟೇ ಚೆನ್ನಾಗಿ ಚೇತರಿಸಿಕೊಂಡರು. ಇಷ್ಟನ್ನೇ ಎಲ್ಲರೂ ಹೇಳುತ್ತಾರೆ. ಅದೇ ಅಧ್ಯಯನದಲ್ಲಿ ಇಂಜೆಕ್ಷನ್ ತೆಗೆದುಕೊಂಡ 100 ಜನರಲ್ಲಿ ಸುಮಾರು 36 ಜನರಿಗೆ 24 ಗಂಟೆ ಕಾಯುವುದಕ್ಕೂ ಆಗದೆ ತುರ್ತಾಗಿ ಆಂಜಿಯೋ ಮಾಡಬೇಕಾಯಿತು. ಮೂರರಲ್ಲಿ ಒಬ್ಬರಿಗಿಂತ ಜಾಸ್ತಿ ಆಯ್ತಲ್ಲ.

ಒಂದು ವಿಷಯ ವಿಚಾರಿಸಿ: ಇಂಜೆಕ್ಷನ್ ಆಗಿ 60ರಿಂದ 90 ನಿಮಿಷಕ್ಕೆ ಇನ್ನೊಂದು ಇಸಿಜಿ ತೆಗೆದಿದ್ದಾರಾ, ಅದರಲ್ಲಿ ಎದ್ದು ನಿಂತಿದ್ದ ಎಸ್‌ಟಿ (ಇಸಿಜಿ ಗೆರೆಯ ಒಂದು ಭಾಗ) ಅರ್ಧಕ್ಕಿಂತ ಕೆಳಗೆ ಇಳಿದಿದೆಯಾ? ಇಳಿದಿಲ್ಲ ಅಂದರೆ ನಾಳೆ ಬೆಳಿಗ್ಗೆವರೆಗೂ ಕಾಯುವ ಹಾಗೇ ಇಲ್ಲ. ನೋವು ಹೋಯಿತು ಅನ್ನುವುದನ್ನು ನಂಬಬೇಡಿ. ಶುಗರ್ ಇರುವವರಿಗೆ ಎಷ್ಟೋ ಸಲ ನೋವು ಸರಿಯಾಗಿ ಗೊತ್ತೇ ಆಗುವುದಿಲ್ಲ.

ಎರಡು_ಕಾಸು:

ಡಾಕ್ಟ್ರು ಹೇಳಿದ್ದು ಸರಿ ಇರಬಹುದು, ಆದರೆ ಚಿಕ್ಕಪ್ಪನ ಅನುಮಾನವೂ ಗಾಳಿಯಲ್ಲಿ ಬಂದಿದ್ದಲ್ಲ. 2017ರ ಫೆಬ್ರವರಿಯಲ್ಲಿ ಕೇಂದ್ರ ಸರ್ಕಾರ ಬೆಲೆ ಕಟ್ಟುವವರೆಗೂ ಒಂದು ಸ್ಟೆಂಟಿಗೆ ಲಕ್ಷದ ಮೇಲೆ ಬಿಲ್ ಹಾಕುತ್ತಿದ್ದರು, ಬೆಲೆ ಕಟ್ಟಿದ ಮೇಲೆ ಅದೇ ಔಷಧಿ ಲೇಪದ ಸ್ಟೆಂಟ್ 29,600ಕ್ಕೆ ಇಳಿಯಿತು, ಅಂದರೆ ಅಲ್ಲಿವರೆಗೆ ಮಧ್ಯದಲ್ಲಿ ತಿಂದವರು ಯಾರು? 2007ರ ಕರೇಜ್, ಆಮೇಲೆ 2020ರಲ್ಲಿ ಪ್ರಕಟವಾದ ಇಸ್ಕೀಮಿಯಾ, ಎರಡು ಅಧ್ಯಯನದಲ್ಲೂ ಸ್ಟೆಂಟ್ ಹಾಕಿಸಿಕೊಂಡವರು ಮಾತ್ರೆ ತಿಂದವರಿಗಿಂತ ಜಾಸ್ತಿ ದಿನ ಬದುಕಲಿಲ್ಲ. ಇದನ್ನು ಯಾವ ಆಸ್ಪತ್ರೆಯೂ ಬೋರ್ಡ್ ಬರೆದು ಹಾಕಲ್ಲ.

ನೈಟ್‌ಡ್ಯೂಟಿ_ಡಾಕ್ಟ್ರು:

@ಎರಡು_ಕಾಸು ಸರ್, ಎರಡೂ ಅಧ್ಯಯನ ನಿಜ. ಆದರೆ ಅವು ಯಾರ ಮೇಲೆ ಮಾಡಿದ್ದು ನೋಡಿ. ನಡೆದರೆ ಎದೆ ಹಿಡಿಯುತ್ತೆ, ನಿಂತರೆ ಬಿಡುತ್ತೆ, ತಿಂಗಳುಗಟ್ಟಲೆ ಹಾಗೇ ಇದೆ, ಅಂಥವರ ಮೇಲೆ. ಅವರಿಗೆ ಹೆದರಿಸಿ ಸ್ಟೆಂಟ್ ಹಾಕುವುದು ತಪ್ಪೇ, ಅದರಲ್ಲಿ ನಾನು ನಿಮ್ಮ ಕಡೆ. ಇಲ್ಲಿ ಇರುವುದು ಇವತ್ತು ಬೆಳಿಗ್ಗೆ ಪೂರ್ತಿ ಮುಚ್ಚಿಹೋಗಿದ್ದ ರಕ್ತನಾಳ. ಆ ಅಧ್ಯಯನಗಳನ್ನು ಇಲ್ಲಿಗೆ ತಂದರೆ ಪಾಪ ಈ ಹುಡುಗಿಯ ಅಪ್ಪ ಬಸ್ ಹತ್ತಿ ಊರಿಗೆ ಹೋಗುತ್ತಾರೆ ಅಷ್ಟೆ.

ಘಟ್ಟದ_ಕೆಳಗಿನವನು:

ನಮ್ಮ ಅತ್ತೆಗೂ ಎದೆನೋವು ಅಂತ ಸರ್ಕಾರಿ ಆಸ್ಪತ್ರೆಗೆ ಹೋದಾಗ ಇಸಿಜಿ ತೆಗೆದರು, ರಕ್ತ ಪರೀಕ್ಷೆಯಲ್ಲಿ ಅಟ್ಯಾಕ್ ಅಂತ ಬಂತು, ಆದರೂ ಈ ಇಂಜೆಕ್ಷನ್ ಕೊಡಲಿಲ್ಲ, ದೊಡ್ಡ ಆಸ್ಪತ್ರೆಗೆ ಹೋಗಿ ಅಂದರು. ಸ್ಟಾಕ್ ಇರಲಿಲ್ಲವೋ, ಉಳಿಸಿಕೊಂಡರೋ ದೇವರಿಗೇ ಗೊತ್ತು. ಹೆಸರಿಗೆ ಮಾತ್ರ ಯೋಜನೆ.

ನೈಟ್‌ಡ್ಯೂಟಿ_ಡಾಕ್ಟ್ರು:

ಬೈಸಿಕೊಳ್ಳುವುದು ನಮಗೆ ಅಭ್ಯಾಸ ಆಗಿದೆ, ಆದರೆ ಇದು ಬೇರೆ ವಿಷಯ. ಅಟ್ಯಾಕ್‌ನಲ್ಲಿ ಎರಡು ಥರ. ಇಸಿಜಿಯಲ್ಲಿ ಎಸ್‌ಟಿ ಎದ್ದು ನಿಂತಿದ್ದರೆ ನಾಳ ಪೂರ್ತಿ ಮುಚ್ಚಿದೆ ಅಂತ ಲೆಕ್ಕ, ಈ ಇಂಜೆಕ್ಷನ್ ಇರುವುದು ಅವರಿಗೆ. ಎಸ್‌ಟಿ ಎದ್ದಿಲ್ಲ, ರಕ್ತದಲ್ಲಿ ಟ್ರೋಪೋನಿನ್ (ಹೃದಯದ ಮಾಂಸಕ್ಕೆ ಪೆಟ್ಟಾದರೆ ರಕ್ತಕ್ಕೆ ಸೇರುವ ಪ್ರೋಟೀನ್) ಮಾತ್ರ ಜಾಸ್ತಿ ಇದೆ ಅಂದರೆ ಈ ಇಂಜೆಕ್ಷನ್‌ನಿಂದ ಲಾಭ ಇಲ್ಲ, ರಕ್ತಸ್ರಾವದ ಅಪಾಯ ಮಾತ್ರ ಉಳಿಯುತ್ತೆ. ನೋವು ಶುರುವಾಗಿ 12 ಗಂಟೆ ದಾಟಿದವರಿಗೆ ಸಾಮಾನ್ಯವಾಗಿ ಕೊಡಲ್ಲ. ಯಾವತ್ತಾದರೂ ಮೆದುಳಿನಲ್ಲಿ ರಕ್ತಸ್ರಾವ ಆಗಿದ್ದವರಿಗೆ, ಮೊನ್ನೆ ಮೊನ್ನೆ ದೊಡ್ಡ ಆಪರೇಷನ್ ಆದವರಿಗೆ ಕೊಡಲೇಬಾರದು. ಎಲ್ಲಾ ಸರಿ ಇದ್ದು ಕೊಟ್ಟರೂ ಸುಮಾರು 100ಕ್ಕೆ ಒಬ್ಬರಿಗೆ ಮೆದುಳಲ್ಲಿ ರಕ್ತಸ್ರಾವ ಆಗುತ್ತೆ. ನಿಮ್ಮ ಅತ್ತೆಯ ಇಸಿಜಿ ನೋಡದೆ ನಾನು ಏನೂ ಹೇಳಲಾರೆ, ಆದರೆ ಕೊಡದೇ ಇದ್ದಿದ್ದೇ ಸರಿಯಾದ ಚಿಕಿತ್ಸೆ ಆಗಿರಬಹುದು.

ಈ ಯೋಜನೆಯಲ್ಲಿ ಹೊಸದು ಇಂಜೆಕ್ಷನ್ ಅಂತ ಎಲ್ಲರೂ ಅಂದುಕೊಂಡಿದ್ದಾರೆ. ಹೆಪ್ಪು ಕರಗಿಸುವ ಸ್ಟ್ರೆಪ್ಟೋಕೈನೇಸ್ 1980ರ ದಶಕದಿಂದಲೂ ಇದೆ, ಆಸ್ಪಿರಿನ್ ಜೊತೆ ಕೊಟ್ಟರೆ ಎಷ್ಟು ಜೀವ ಉಳಿಯುತ್ತೆ ಅಂತ 1988ರಲ್ಲೇ ಐಸಿಸ್-2 ಅನ್ನುವ ಅಧ್ಯಯನ ತೋರಿಸಿತ್ತು. ಟೆನೆಕ್ಟೆಪ್ಲೇಸ್‌ನ ಅನುಕೂಲ ಏನಪ್ಪಾ ಅಂದರೆ ಗಂಟೆಗಟ್ಟಲೆ ಡ್ರಿಪ್ ಹಾಕಿ ಕಾಯಬೇಕಿಲ್ಲ, ತೂಕ ನೋಡಿ ಒಂದೇ ಸಲ ರಕ್ತನಾಳಕ್ಕೆ ಕೊಟ್ಟರೆ ಮುಗೀತು. ಹೊರಗೆ 30 ಸಾವಿರದ ಆಸುಪಾಸು ಬೆಲೆ ಅಂತ ಸರ್ಕಾರವೇ ಹೇಳುತ್ತೆ, ಇಲ್ಲಿ ಉಚಿತ. ಇಷ್ಟೂ ಒಳ್ಳೆಯದೇ. ಆದರೆ ಔಷಧಿ ಕೈಯಲ್ಲಿದ್ದರೂ ನನ್ನಂಥ ಎಂಬಿಬಿಎಸ್ ಡಾಕ್ಟರಿಗೆ ರಾತ್ರಿ 2 ಗಂಟೆಗೆ ಒಬ್ಬನೇ ಕೂತು ಅದನ್ನು ಕೊಡುವ ಧೈರ್ಯ ಬರುತ್ತಿರಲಿಲ್ಲ. ಮೆದುಳಲ್ಲಿ ರಕ್ತಸ್ರಾವ ಆದರೆ? ಹೊರಗೆ ನಿಂತ ನಲವತ್ತು ಜನ ಸುಮ್ಮನಿರುತ್ತಾರಾ? ರೆಫರ್ ಅಂತ ಚೀಟಿ ಬರೆದು ಕಳಿಸಿಬಿಡುವುದೇ ಸುಲಭ. ಈಗ ಇಸಿಜಿ ಕಳಿಸಿದರೆ ಜಯದೇವದಂಥ ದೊಡ್ಡ ಹೃದಯ ಆಸ್ಪತ್ರೆಯ ತಂಡ ನೋಡಿ ಕೆಲವೇ ನಿಮಿಷದಲ್ಲಿ ಹೇಳುತ್ತದೆ, ಹೌದು ಕೊಡಿ ಅಥವಾ ಬೇಡ. ನನ್ನ ಮಟ್ಟಿಗೆ ಯೋಜನೆ ಅಂದರೆ ಅದೇ: ನಿರ್ಧಾರ ನನ್ನೊಬ್ಬನ ತಲೆ ಮೇಲಿಲ್ಲ.

ಹಾಂ, ಸಂಬಂಧ ಇದ್ದೇ ಇದೆ ಅಂತ ಹೇಳುತ್ತಿದ್ದೇನೆ: ಎದೆನೋವು ಅಂದ ತಕ್ಷಣ ಬೀದಿ ಕ್ಲಿನಿಕ್ಕಿಗೆ ಹೋಗಿ ಸೊಂಟಕ್ಕೆ ಗ್ಯಾಸ್ ಇಂಜೆಕ್ಷನ್, ನೋವಿನ ಇಂಜೆಕ್ಷನ್ ಚುಚ್ಚಿಸಿಕೊಂಡು ಬರಬೇಡಿ. ಆಮೇಲೆ ನಾವು ಹೆಪ್ಪು ಕರಗಿಸುವ ಔಷಧಿ ಕೊಟ್ಟರೆ ಚುಚ್ಚಿದ ಜಾಗದಲ್ಲಿ ಮಾಂಸದೊಳಗೆ ರಕ್ತ ಸೋರಿ ಅಂಗೈ ಅಗಲ ಕಪ್ಪಾಗಿ ಊದಿಕೊಳ್ಳುತ್ತೆ.

ಕಾರ್ಡ್_ಕೌಂಟರ್:

ದುಡ್ಡಿನ ವಿಷಯ ನಾನು ಹೇಳುತ್ತೇನೆ, ಇದೇ ಕೆಲಸದಲ್ಲಿದ್ದೇನೆ. ಆಯುಷ್ಮಾನ್ ಭಾರತ್ ಆರೋಗ್ಯ ಕರ್ನಾಟಕದಲ್ಲಿ ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷದವರೆಗೆ ಪೂರ್ತಿ. ಎಪಿಎಲ್‌ಗೆ ಪ್ಯಾಕೇಜ್ ದರದ (ಆ ಚಿಕಿತ್ಸೆಗೆ ಯೋಜನೆ ಗೊತ್ತು ಮಾಡಿದ ದರ) 30 ಪರ್ಸೆಂಟ್ ಮಾತ್ರ ಸರ್ಕಾರ ಕೊಡುತ್ತೆ, ವರ್ಷಕ್ಕೆ ಒಂದೂವರೆ ಲಕ್ಷದ ಮಿತಿ. ಬಾಕಿ 70 ಪರ್ಸೆಂಟ್ ನೀವೇ ಕಟ್ಟಬೇಕು. ಆದರೆ ಅದು ಯೋಜನೆಯ ಪ್ಯಾಕೇಜ್ ದರದ 70, ಆಸ್ಪತ್ರೆ ಬಾಯಿಗೆ ಬಂದಂತೆ ಹೇಳಿದ ಬಿಲ್ಲಿನ 70 ಅಲ್ಲ. ಇದನ್ನು ಮೊದಲೇ ಕೇಳಿ ಬರೆಸಿಕೊಳ್ಳಿ. ಆಸ್ಪತ್ರೆ ಯೋಜನೆಯ ಪಟ್ಟಿಯಲ್ಲಿದೆಯಾ ಅಂತ ಅಲ್ಲಿನ ಆರೋಗ್ಯಮಿತ್ರರನ್ನು (ಆಸ್ಪತ್ರೆಯಲ್ಲಿ ಯೋಜನೆಯ ಕೆಲಸ ನೋಡುವವರು) ಕೇಳಿ. ಆಧಾರ್, ರೇಷನ್ ಕಾರ್ಡ್ ಎರಡೂ ಬೇಕು. ಎಮರ್ಜೆನ್ಸಿ ಆದ್ದರಿಂದ ರೆಫರಲ್ ಚೀಟಿಗಾಗಿ ಯಾರನ್ನೂ ವಾಪಸ್ ಓಡಿಸುವಂತಿಲ್ಲ.

ಅಪ್ಪ ಅಥವಾ ಅಮ್ಮ ಯಾರದಾದರೂ ಹೆಸರಲ್ಲಿ ಬೇರೆ ಇನ್ಶೂರೆನ್ಸ್ ಇದ್ದರೆ ಡಿಸ್ಚಾರ್ಜ್ ಆಗುವ ಮುಂಚೆಯೇ ಹೇಳಿ, ಆಮೇಲೆ ಹೇಳಿದರೆ ತಲೆನೋವು ಜಾಸ್ತಿ.

ಘಟ್ಟದ_ಕೆಳಗಿನವನು:

ಡಾಕ್ಟ್ರೇ, ಅತ್ತೆಯ ವಿಷಯ ಅರ್ಥ ಆಯ್ತು, ಫೈಲ್ ಹುಡುಕಿ ನೋಡುತ್ತೇನೆ. ಆದರೆ ನೀವು ಹೇಳುವ 24 ಗಂಟೆ ಲೆಕ್ಕ ಊರಿನವರಿಗೆ ಹೇಗೆ ಸಾಧ್ಯ? ಇಂಜೆಕ್ಷನ್ ತಾಲ್ಲೂಕಿಗೆ ಬಂತು, ಸಂತೋಷ. ಕ್ಯಾಥ್ ಲ್ಯಾಬ್ ಎಷ್ಟು ಸರ್ಕಾರಿ ಜಿಲ್ಲಾ ಆಸ್ಪತ್ರೆಯಲ್ಲಿದೆ? ಜಯದೇವ ಇರುವುದು ಬೆಂಗಳೂರು, ಮೈಸೂರು, ಕಲಬುರಗಿ. ನಮ್ಮ ಕಡೆ ಮಳೆಗಾಲದಲ್ಲಿ ಘಾಟಿ ಮುಚ್ಚಿದರೆ ಮುಗೀತು.

ನೈಟ್‌ಡ್ಯೂಟಿ_ಡಾಕ್ಟ್ರು:

ನನ್ನ ಹತ್ತಿರ ಇದಕ್ಕೆ ಉತ್ತರ ಇಲ್ಲ. ಇಂಜೆಕ್ಷನ್ ಕೊಟ್ಟ ಮೇಲೆ ವೆಂಟಿಲೇಟರ್ ಇರುವ 108ಕ್ಕೆ ಕಾಯುವುದು, ಬೆಡ್ ಇದೆಯಾ ಅಂತ ಫೋನ್ ಮಾಡುವುದು, ಇದೇ ನಮ್ಮ ದೊಡ್ಡ ಕೆಲಸ. ಎಷ್ಟು ಜನಕ್ಕೆ ಇಂಜೆಕ್ಷನ್ ಕೊಟ್ಟಿರಿ ಅಂತ ಮೇಲಿನವರು ಕೇಳುತ್ತಾರೆ. ಅವರಲ್ಲಿ ಎಷ್ಟು ಜನಕ್ಕೆ 24 ಗಂಟೆ ಒಳಗೆ ಆಂಜಿಯೋ ಆಯಿತು ಅಂತಲೂ ಕೇಳಬೇಕು.

ಬಯಲುಸೀಮೆ_ಹುಡುಗಿ:

ಎಲ್ಲರಿಗೂ ತುಂಬಾ ಥ್ಯಾಂಕ್ಸ್. ಎರಡನೇ ಇಸಿಜಿಯಲ್ಲಿ ಎಸ್‌ಟಿ ಇಳಿದಿತ್ತಂತೆ. ನಾನು ತಲುಪುವ ಮೊದಲೇ ಚಿಕ್ಕಪ್ಪ ಸಹಿ ಹಾಕಿದ್ದರು (ಡಾಕ್ಟ್ರ ಮೊದಲ ಸಾಲು ಓದಿ ಹೇಳಿದೆ, ಜಗಳ ಆಡಲಿಲ್ಲ). ಬೆಳಿಗ್ಗೆ ಆಂಜಿಯೋಗ್ರಾಮ್ ಆಯಿತು. ಹೃದಯದ ಮುಂಭಾಗದ ದೊಡ್ಡ ರಕ್ತನಾಳದಲ್ಲಿ 90 ಪರ್ಸೆಂಟ್ ಬ್ಲಾಕ್, ಒಂದು ಸ್ಟೆಂಟ್ ಹಾಕಿದ್ದಾರೆ. ಕಾರ್ಡ್ ವಿಷಯದಲ್ಲಿ ಮೊದಲು ಗೊಣಗಿದರು, ಪ್ಯಾಕೇಜ್ ದರ ಬರೆದುಕೊಡಿ ಅಂದ ಮೇಲೆ ಸರಿ ಹೋಯ್ತು. ಇನ್ನೊಂದು ಪ್ರಶ್ನೆ: ರಕ್ತ ತೆಳು ಮಾಡುವ ಮಾತ್ರೆ ಎರಡು ಕೊಟ್ಟಿದ್ದಾರೆ. ಎಷ್ಟು ದಿನ?

ನೈಟ್‌ಡ್ಯೂಟಿ_ಡಾಕ್ಟ್ರು:

ಒಳ್ಳೆಯದಾಯಿತು. ಎರಡೂ ಮಾತ್ರೆ ಸಾಮಾನ್ಯವಾಗಿ ಒಂದು ವರ್ಷ, ಆಮೇಲೆ ಒಂದು ಉಳಿಯುತ್ತೆ. ನಿಮ್ಮ ಡಾಕ್ಟರ್ ಬೇರೆ ಹೇಳಿದರೆ ಅವರು ಹೇಳಿದ್ದೇ ಸರಿ. ಮೊದಲ ಕೆಲವು ತಿಂಗಳು ಒಂದು ದಿನವೂ ತಪ್ಪಬಾರದು, ತಪ್ಪಿದರೆ ಸ್ಟೆಂಟ್ ಒಳಗೇ ಹೆಪ್ಪುಗಟ್ಟಬಹುದು. ಹಲ್ಲು ಕೀಳಿಸಬೇಕು, ಕಣ್ಣಿನ ಪೊರೆ ತೆಗೆಸಬೇಕು ಅಂತ ಯಾರಾದರೂ ಮಾತ್ರೆ ನಿಲ್ಲಿಸಿ ಅಂದರೆ ಮೊದಲು ಸ್ಟೆಂಟ್ ಹಾಕಿದವರಿಗೆ ಫೋನ್ ಮಾಡಿ. ಮಂಡಿನೋವಿಗೆ ಮೆಡಿಕಲ್ ಶಾಪ್‌ನಿಂದ ತಂದು ತಿನ್ನುವ ಮಾತ್ರೆ ಇದ್ದರೆ ಅದನ್ನು ಇವತ್ತೇ ಎತ್ತಿಡಿ.