ಮರು: ವಾರ್ಡಿನ ಫಲಕಕ್ಕೆ ಪದ ಬೇಕು (ಸ್ಪಷ್ಟೀಕರಣ / ಕೇಳಿ)

> ಬೇರೆ ಬೇರೆ ಭಾಷೆ, ಸಂಸ್ಕೃತಿಗಳಿಂದ ಬಂದ ನರ್ಸಿಂಗ್ ವಿದ್ಯಾರ್ಥಿಗಳಿಗಾಗಿ ಫಲಕ ಮಾಡಿಸುತ್ತಿದ್ದೇವೆ, ನಾಳೆ ಬೆಳಗ್ಗೆ ಅಚ್ಚಿಗೆ ಹೋಗಬೇಕು. ‘ಸೂಚನೆ ಅರ್ಥವಾಗದಿದ್ದಲ್ಲಿ ಸ್ಪಷ್ಟೀಕರಣ ಪಡೆಯತಕ್ಕದ್ದು’ ಎಂದು ಬರೆದಿದ್ದೇನೆ. ಸರಿಯೇ? ವಿದ್ಯಾರ್ಥಿಗಳು ಆಸ್ಪತ್ರೆಯಲ್ಲಿ ಕೆಲಸ ಮಾಡುತ್ತಾ ಕಲಿಯುವ ‘ಕ್ಲಿನಿಕಲ್ ಪ್ಲೇಸ್‌ಮೆಂಟ್’ಗೆ ಏನು ಹಾಕಲಿ?

ಸರಿ ಇಲ್ಲ. ‘ತಿಳಿಯದಿದ್ದರೆ ಇನ್ನೊಮ್ಮೆ ಕೇಳಿ’ ಅಂತ ಹಾಕಿ, ಕಳಿಸಿಬಿಡಿ. ಯಾಕೆ ಅನ್ನುವವರಿಗೆ ಮುಂದಿನದು.

‘ಸ್ಪಷ್ಟೀಕರಣ’ ಕಚೇರಿ ಕಾಗದದ ಮಾತು. ತಪ್ಪು ಮಾಡಿದವರ ಹತ್ತಿರ ಕೇಳಿ ಪಡೆಯುವಂಥದ್ದು. ಅದರ ಮೇಲೆ ‘ತಕ್ಕದ್ದು’ ಬೇರೆ. ಮೊದಲೇ ಹೆದರಿಕೊಂಡು ವಾರ್ಡಿಗೆ ಬರುವ ಹುಡುಗಿ ಇದನ್ನು ಓದಿ ಬಾಯಿ ಬಿಡುತ್ತಾಳಾ?

‘ಕೇಳಿ’ ಅಂದರೆ ಎರಡರ್ಥ ಬರುತ್ತದೆ, ಫಲಕಕ್ಕೆ ಆಗದು ಎಂದು ಹಿಂದಿನ ಓಲೆಯಲ್ಲಿ ಒಬ್ಬರು ಬರೆದಿದ್ದಾರೆ. ಬರಲಿ. ಕಿವಿಗೊಡುವುದಕ್ಕೂ ಪ್ರಶ್ನೆ ಹಾಕುವುದಕ್ಕೂ ಒಂದೇ ಮಾತು ಇರುವುದು ನಮ್ಮ ಭಾಷೆಯ ಭಾಗ್ಯ. ಇಲ್ಲಿ ಎರಡೂ ಬೇಕು.

ನಾನು ವಾರ್ಡಿನಲ್ಲಿ ವಿದ್ಯಾರ್ಥಿಗಳನ್ನು ನೋಡಿಕೊಳ್ಳುತ್ತಿದ್ದಾಗ ನಡೆದದ್ದು ಹೇಳುತ್ತೇನೆ. ಶಿಫ್ಟ್ ಬದಲಾಗುವ ಹೊತ್ತು, ಹ್ಯಾಂಡೋವರ್ ನಡೀತಾ ಇತ್ತು, ಅಂದರೆ ಹೋಗುವವರು ರೋಗಿಗಳ ವಿಷಯವನ್ನು ಬಂದವರಿಗೆ ಹೇಳಿ ಒಪ್ಪಿಸುವುದು. ಹೇಳುವವರು ಅವಸರದಲ್ಲಿದ್ದರು. ಒಂದು ಔಷಧಿಯ ಅಳತೆ ‘ಫಿಫ್ಟೀನ್’ ಅಂದರು. ಹುಡುಗಿ ಹೂಂಗುಟ್ಟಿದಳು, ಚೀಟಿಯಲ್ಲಿ 50 ಎಂದು ಬರೆದುಕೊಂಡಳು. ಆಮೇಲೆ ಚಾರ್ಟ್ ನೋಡಿದರೆ 15. ಔಷಧಿ ಟ್ರಾಲಿಯ ಮುಂದೆ ಒಮ್ಮೆ ಚೀಟಿ, ಒಮ್ಮೆ ಚಾರ್ಟ್ ನೋಡುತ್ತಾ ನಿಂತೇಬಿಟ್ಟಳು. ಯಾರನ್ನೂ ಕೇಳಲಿಲ್ಲ. ನಾನೇ ಹೋಗಿ ಮಾತಾಡಿಸಿದೆ. ಅಷ್ಟು ಜನರ ಮುಂದೆ ತಿರುಗಿ ಕೇಳಿದರೆ ಭಾಷೆ ಬರಲ್ಲ ಅಂದುಕೊಳ್ಳುತ್ತಾರೆ ಅಂದಳು. ಹಿರಿಯರು ಒಮ್ಮೆ ಹೇಳಿದ್ದನ್ನು ಮತ್ತೆ ಕೇಳುವುದು ಅವಳು ಬೆಳೆದ ಮನೆಯಲ್ಲಿ ಅಗೌರವವಂತೆ. ಅವಳ ‘ಹೂಂ’ ಅಂದರೆ ‘ಕಿವಿಗೆ ಬಿತ್ತು’ ಅಂತ ಅಷ್ಟೇ. ಎದುರಿಗಿದ್ದವರು ‘ತಿಳೀತು’ ಅಂದುಕೊಂಡರು. ತಿಂಗಳ ಕೊನೆಗೆ ಅವಳ ವರದಿಯಲ್ಲಿ ‘ಆಸಕ್ತಿ ಕಡಿಮೆ’ ಎಂದು ಬಂತು. ಅದು ನನಗೆ ಇವತ್ತಿಗೂ ನೋವು.

ಫಿಫ್ಟೀನ್, ಫಿಫ್ಟಿ ಗೊಂದಲ ಎಷ್ಟು ಹಳೆಯದೆಂದರೆ ಸಂಖ್ಯೆಯನ್ನು ಬಿಡಿಸಿ ‘ಒನ್ ಫೈವ್’ ಅಂತಲೂ ಹೇಳಬೇಕು, ಕೇಳಿಸಿಕೊಂಡವರು ಅದನ್ನು ತಿರುಗಿ ಹೇಳಿ ಒಪ್ಪಿಸಬೇಕು ಎಂದು ಕಲಿಸುತ್ತಾರೆ. ಹದಿನೈದು, ಐವತ್ತು ಹಾಗೆ ಕಲಸಿಕೊಳ್ಳುವುದಿಲ್ಲ, ಅಲ್ವಾ?

ಇನ್ನು ನರ್ಸಿಂಗ್ ಅನ್ನುವುದಕ್ಕೆ ‘ಶುಶ್ರೂಷೆ ಸಂಸ್ಕೃತ, ಕಿತ್ತುಹಾಕಿ ಆರೈಕೆ ಇಡಿ’ ಎಂದವರಿಗೆ. ಆ ಪದ ಬಿಡಿಸಿ ನೋಡಿದ್ದೀರಾ? ‘ಶ್ರು’ ಅಂದರೆ ಕೇಳು. ಶುಶ್ರೂಷೆ ಅಂದರೆ ಕೇಳುವ ಬಯಕೆ. ಆಮೇಲೆ ಹೇಳಿದಂತೆ ನಡೆಯುವುದು, ಸೇವೆ ಎಂದೆಲ್ಲ ಅರ್ಥ ಹೊರಳಿತು. ಆರೈಕೆಯ ಬೇರು ಹಳೆಗನ್ನಡದ ‘ಆರಯ್’: ನೋಡು, ವಿಚಾರಿಸು. ಒಂದು ಕಿವಿಯಿಂದ ಹುಟ್ಟಿದ್ದು, ಒಂದು ಕಣ್ಣಿಂದ. ನರ್ಸಿಗೆ ಎರಡೂ ಇರಬೇಕು. ಎಲ್ಲಿಂದ ಬಂತು ಅನ್ನೋದಷ್ಟೇ ನೋಡಿ ಪದ ಎಸೆಯುವ ವಾದಕ್ಕೆ ನನ್ನ ಒಪ್ಪಿಗೆ ಇಲ್ಲ.

ಹ್ಯಾಂಡೋವರ್‌ಗೆ ‘ಪಾಳಿ ಹಸ್ತಾಂತರ’ ಅಂತೂ ಬೇಡವೇ ಬೇಡ. ವಾರ್ಡಿನಲ್ಲಿ ಯಾರೂ ಹಾಗನ್ನುವುದಿಲ್ಲ. ಮೂರನೆಯ ಭಾಷೆಯಲ್ಲಿ ಪಾಠ ಕೇಳಿ, ನಾಲ್ಕನೆಯದರಲ್ಲಿ ರೋಗಿಯ ಜೊತೆ ಮಾತಾಡಬೇಕಾದವರ ತಲೆಗೆ ಕಿವಿಗೇ ಬೀಳದ ಪದವನ್ನು ಸುಮ್ನೆ ಯಾಕೆ ಹೊರಿಸಬೇಕು? ಚಾರ್ಟ್, ಡ್ರಿಪ್, ಶಿಫ್ಟ್ ಇರಲಿ.

ಕ್ಲಿನಿಕಲ್ ಪ್ಲೇಸ್‌ಮೆಂಟ್‌ಗೆ ‘ಚಿಕಿತ್ಸಾಲಯ ನಿಯೋಜನೆ’ ಸತ್ತ ಪದ. ಗ್ರೀಕಿನ ‘ಕ್ಲೀನೆ’ ಅಂದರೆ ಹಾಸಿಗೆ, ಕ್ಲಿನಿಕ್ ಬಂದದ್ದು ಅದರಿಂದ. ಕೈಪಿಡಿಗಾದರೆ ನಾನು ‘ಹಾಸಿಗೆ ಬದಿಯ ಕಲಿಕೆ’ ಅನ್ನುತ್ತಿದ್ದೆ. ಫಲಕಕ್ಕೆ ‘ವಾರ್ಡ್ ತರಬೇತಿ’ ಸಾಕು.

ಹೊಸ ಪದ ವಿದ್ವಾಂಸರೇ ಕಟ್ಟಬೇಕು ಎಂಬ ಮಾತೂ ಬಂದಿತ್ತು. ನ್ಯೂಜಿಲೆಂಡ್‌ನಲ್ಲಿ 1988ರ ಒಂದು ಸಭೆಯಲ್ಲಿ, ಅಲ್ಲಿನ ಮೂಲನಿವಾಸಿಗಳಾದ ಮಾವೊರಿ ಜನರ ನರ್ಸಿಂಗ್ ವಿದ್ಯಾರ್ಥಿಯೊಬ್ಬರು ಎದ್ದು, ಕಾನೂನಿನ ಸುರಕ್ಷತೆ, ನೀತಿಯ ಸುರಕ್ಷತೆ ಎಲ್ಲ ಹೇಳುತ್ತೀರಲ್ಲ, ಸಂಸ್ಕೃತಿಯ ಸುರಕ್ಷತೆ ಎಲ್ಲಿ ಎಂದು ಕೇಳಿದರು. ಇರಿಹಪೇಟಿ ರಾಮ್ಸ್‌ಡೆನ್ ಎಂಬ ಮಾವೊರಿ ನರ್ಸ್ ಆ ಮಾತನ್ನೇ ಹಿಡಿದು ಬೆಳೆಸಿದರು. ಇವತ್ತು ‘ಕಲ್ಚರಲ್ ಸೇಫ್ಟಿ’, ಅಂದರೆ ರೋಗಿಯ ಸಂಸ್ಕೃತಿಗೆ ಧಕ್ಕೆಯಾಗದಂತೆ ನೋಡಿಕೊಳ್ಳುವುದು, ನರ್ಸಿಂಗ್ ಪಾಠದಲ್ಲೇ ಇದೆ. ಒಬ್ಬ ವಿದ್ಯಾರ್ಥಿ ಕೇಳಿದ್ದರಿಂದ ಬಂದ ಪದ ಅದು.

ಇನ್ನೊಂದು ವಿನಂತಿ. ನಿಮ್ಮ ಕರಡಿನ ಕೆಳಗೆ ‘ಭಾಷಾ ತೊಡಕುಳ್ಳ ವಿದ್ಯಾರ್ಥಿಗಳಿಗೆ’ ಎಂದಿದೆ. ದಯವಿಟ್ಟು ತೆಗೆಯಿರಿ. ಮೂರು ನಾಲ್ಕು ಭಾಷೆ ಬಲ್ಲವರಿಗೆ ತೊಡಕುಳ್ಳವರು ಎನ್ನುವುದು ತಪ್ಪು. ‘ಎಲ್ಲರಿಗೂ’ ಅಂತ ಹಾಕಿ. ಅವಸರದಲ್ಲಿ ಹೇಳುವ ಹಿರಿಯರೂ ಓದಲಿ. ಫಲಕವನ್ನು ಬಾಗಿಲ ಹತ್ತಿರ ಬೇಡ, ಹ್ಯಾಂಡೋವರ್ ನಡೆಯುವ ಮೇಜಿನ ಎದುರಿಗೇ ಹಾಕಿಸಿ. ‘ಕೇಳಿ’ ಮಾತ್ರ ದಪ್ಪ ಅಕ್ಷರದಲ್ಲಿರಲಿ.