ಹೊಮಾಯ್ ವ್ಯಾರಾವಾಲಾ ಫೋಟೊ: ಹಳೆಯ ಪ್ರಿಂಟ್ ಹೌದೋ ಅಲ್ಲವೋ ಗುರುತಿಸುವುದು ಹೇಗೆ?

ಕೌಲ್‌ಬಜಾರ್ ಬಳ್ಳಾರಿ:
ದೇಶದ ಮೊದಲ ಮಹಿಳಾ ಪತ್ರಿಕಾ ಛಾಯಾಗ್ರಾಹಕಿ ಹೊಮಾಯ್ ವ್ಯಾರಾವಾಲಾ ತೆಗೆದ ಗಣ್ಯರ ಚಿತ್ರಗಳೆಂದರೆ ನನಗೆ ಪ್ರಾಣ. ಪಾಲಂ ವಿಮಾನ ನಿಲ್ದಾಣದಲ್ಲಿ ‘ಫೋಟೊ ತೆಗೆಯಬಾರದು’ ಅನ್ನುವ ಬೋರ್ಡಿನ ಹತ್ತಿರವೇ ನೆಹರೂ ನಿಂತಿದ್ದಾರಲ್ಲ, ಅಂಥದ್ದನ್ನು ಬೇರೆ ಯಾರು ಹಿಡಿದಾರು? ಇದುವರೆಗೆ ನನಗೆ ಸಿಕ್ಕಿದ್ದೆಲ್ಲ ಹಳೆಯ ವಾರಪತ್ರಿಕೆಗಳ ಪುಟಗಳೇ. ಈಗ ಒಬ್ಬ ವ್ಯಾಪಾರಿ ಮೌಂಟ್‌ಬ್ಯಾಟನ್ ಫೋಟೊ ತೋರಿಸಿದ್ದಾರೆ. 1948ರ ಜೂನ್‌ನಲ್ಲಿ ದಿಲ್ಲಿ ಬಿಡುವಾಗ, ಈಗಿನ ರಾಷ್ಟ್ರಪತಿ ಭವನದ ಮೆಟ್ಟಿಲ ಮೇಲೆ ವಂದನೆ ಸ್ವೀಕರಿಸಿದ್ದು. ‘ಆಗಿನದೇ ಪ್ರಿಂಟ್’ ಅನ್ನುತ್ತಾರೆ. ಹದಿನೆಂಟು ಸಾವಿರ ಕೇಳುತ್ತಿದ್ದಾರೆ. ಹೇಗೆ ಪರೀಕ್ಷೆ ಮಾಡಲಿ? ನಮ್ಮ ಬಿಸಿಲು, ಗಣಿ ಧೂಳಿನಲ್ಲಿ ಹೇಗೆ ಕಾಪಾಡಲಿ?

ರಾಯಚೂರು ಸ್ಟುಡಿಯೊ:
ತಮ್ಮಾ, ದುಡ್ಡು ಕೊಡುವ ಮೊದಲು ಭೂತಗನ್ನಡಿ ಹಿಡಿದು ನೋಡು. ಚುಕ್ಕಿ ಚುಕ್ಕಿ ಕಂಡರೆ ಅದು ಪ್ರೆಸ್ಸಿನಲ್ಲಿ ಅಚ್ಚಾದದ್ದು. ಹಿಂಬದಿ ಪ್ಲಾಸ್ಟಿಕ್ಕಿನಂತೆ ನುಣ್ಣಗಿದ್ದರೂ ಬೇಡ. ಆ ಪೇಪರ್ ಬಂದದ್ದೇ 1960ರ ದಶಕದ ಕೊನೆಯ ಹೊತ್ತಿಗೆ.

ಖೋಟಾ ನೋಟು ಪತ್ತೆ ಮಾಡುವ ನೇರಳೆ ದೀಪ ಇರುತ್ತದಲ್ಲ, ಕತ್ತಲೆ ಕೋಣೆಯಲ್ಲಿ ಅದನ್ನು ಹಿಡಿ. ಕಾಗದ ನೀಲಿ ಬಿಳುಪಾಗಿ ಹೊಳೆದರೆ 1948ರದ್ದಲ್ಲ. ಬಿಳುಪು ಹೆಚ್ಚಿಸುವ ರಾಸಾಯನಿಕವನ್ನು ಫೋಟೊ ಪೇಪರಿಗೆ ಬೆರೆಸತೊಡಗಿದ್ದು 1950ರ ದಶಕದಲ್ಲಿ. ಹೊಳೆಯಲಿಲ್ಲ ಅಂತ ಸುಮ್ನೆ ನಂಬಬೇಡ, ಆಮೇಲೂ ಎಲ್ಲ ಪೇಪರಿಗೂ ಅದನ್ನು ಹಾಕುತ್ತಿರಲಿಲ್ಲ. ಹಳೆಯ ಪ್ರಿಂಟ್‌ಗಳಲ್ಲಿ ಕಾಣುವಂತೆ ಅಂಚಿನ ಕಪ್ಪು ಭಾಗದಲ್ಲಿ ಬೆಳ್ಳಿಯ ಹೊಳಪು ಎದ್ದಿದ್ದರೆ ನನಗೆ ಸ್ವಲ್ಪ ಧೈರ್ಯ ಬರುತ್ತದೆ.

ಕೊಪ್ಪಳದ ಟೀಚರ್:
ಹಿಂಬದಿಯ ಬರಹ, ಮುದ್ರೆ ನೋಡಿ. ಹೊಮಾಯ್ ಹೆಸರೇ ಇರಬೇಕು ಅಂತಿಲ್ಲ. ಶುರುವಿನಲ್ಲಿ ಅವರ ಚಿತ್ರಗಳು ಗಂಡ ಮಾಣಿಕ್‌ಷಾ ಹೆಸರಿನಲ್ಲಿ ಅಚ್ಚಾಗುತ್ತಿದ್ದವು. ಈ ಮಾತು ನೆನೆದಾಗಲೆಲ್ಲ ನನಗೆ ಸಂಕಟವಾಗುತ್ತದೆ. ‘ಡಾಲ್ಡಾ 13’ ಅನ್ನುವುದೂ ಹೊಮಾಯ್ ಅವರದೇ ಅಡ್ಡಹೆಸರು. ಹುಟ್ಟಿದ್ದು 1913, ಗಂಡನನ್ನು ಮೊದಲು ಕಂಡದ್ದು 13ನೇ ವಯಸ್ಸಿಗೆ, ಮೊದಲ ಕಾರಿನ ನಂಬರು ಡಿಎಲ್‌ಡಿ 13. ಅವರ ಸಂಗ್ರಹ ಈಗ ದಿಲ್ಲಿಯ ಅಲ್ಕಾಜಿ ಪ್ರತಿಷ್ಠಾನದಲ್ಲಿದೆ. ಪ್ರತಿಷ್ಠಾನದವರಿಗೆ ಬರೆದು ಕೇಳಿ.

ಲ್ಯಾಮಿನೇಷನ್ ಮಾತ್ರ ಮಾಡಿಸಲೇಬೇಡಿ. ಅಂಟಿನ ಆಲ್ಬಂ ಕೂಡ ಬೇಡ. ಆಮ್ಲವಿಲ್ಲದ ಕಾಗದದ ಕವರಿನಲ್ಲಿಟ್ಟು, ಒಳಗಿನ ತಂಪು ಕೋಣೆಯ ಗೂಡಿನಲ್ಲಿಡಿ. ಮಾಳಿಗೆಗೆ ತಾಗಿದ ಅಟ್ಟ ಬೇಡ. ಧೂಳನ್ನು ಬಟ್ಟೆಯಿಂದ ಒರೆಸಿದರೆ ಗೀರು ಬೀಳುತ್ತದೆ. ಮೆತ್ತನೆ ಬ್ರಶ್ ಸಾಕು.

ಕೌಲ್‌ಬಜಾರ್ ಬಳ್ಳಾರಿ:
ಅಣ್ಣಾ, ದೀಪ ನಮ್ಮ ಬೀದಿಯ ಬಂಗಾರದ ಅಂಗಡಿಯಲ್ಲಿದೆ. ವ್ಯಾಪಾರಿಯನ್ನು ಅಲ್ಲಿಗೇ ಕರೆಯುತ್ತೇನೆ. ಅಕ್ಕಾ, ಹಿಂಬದಿಯ ಚಿತ್ರ ಇಲ್ಲಿ ಹಾಕುತ್ತೇನೆ, ಓದಿ ಹೇಳಿ.