ನನ್ನ ಮೇಲೆ 'ರೇಸಿಸ್ಟ್' ಅಂತ ದೂರು ಬಂದಿದೆ, ಅನುಭವ ಇದ್ದವರು ಹೇಳಿ

ಬೆಳ್ಳಂದೂರು ಲೀಡ್: ಟೀಮಿನಲ್ಲಿ ಮಣಿಪುರದ ಹುಡುಗಿ ಇದ್ದಾಳೆ. ಅಪ್ರೈಸಲ್‌ನಲ್ಲಿ ಕಡಿಮೆ ರೇಟಿಂಗ್ ಕೊಟ್ಟೆ. ಆಮೇಲೆ ಎಚ್‌ಆರ್‌ನಿಂದ ಮೇಲ್. ಊಟದ ಟೇಬಲ್‌ನಲ್ಲಿ 'ನಿಮ್ಮ ಕಡೆ ಏನೇನೋ ತಿಂತಾರಂತೆ' ಅಂತ ಕೇಳಿದ್ದೆ. ಅದನ್ನೂ ರೇಟಿಂಗನ್ನೂ ಸೇರಿಸಿ ದೂರು ಕೊಟ್ಟಿದ್ದಾಳೆ. ಕೇಳಿದ್ದು ಸುಮ್ನೆ ಕುತೂಹಲಕ್ಕೆ. ಈಗ ನಾನು ಬಂದರೆ ಎಲ್ಲರ ಮಾತು ನಿಲ್ಲುತ್ತದೆ. ನಿದ್ದೆ ಇಲ್ಲ.

ಜಯನಗರದವ: ನನ್ನದು ಕೇಳಿ. ಕನ್ನಡದವರ ಜೊತೆ ಕನ್ನಡದಲ್ಲಿ ಮಾತಾಡಿದ್ದಕ್ಕೆ ಲಖನೌದವನೊಬ್ಬ 'ನಮ್ಮನ್ನು ಹೊರಗಿಡುತ್ತಾನೆ' ಅಂತ ದೂರು ಕೊಟ್ಟ. ಲಾಯರ್ ಹಿಡಿದೆ. ಮೊದಲ ಭೇಟಿಗೆ 5,000, ನೋಟಿಸ್‌ಗೆ 25,000, ಕಂಪನಿಯ ಉತ್ತರ ಓದಿ ಹೇಳುವುದಕ್ಕೆ ಮತ್ತೆ 8,000, ಎಲ್ಲದರ ಮೇಲೆ ಜಿಎಸ್‌ಟಿ ಬೇರೆ. ಕೆಲಸ ನೋಡಿ ಕೊಡುವ ವೇರಿಯಬಲ್ ಪೇ 1,80,000 ಕೈತಪ್ಪಿತು. ಕೊನೆಗೆ 'ದೂರು ಸಾಬೀತಾಗಿಲ್ಲ' ಅಂತ ಬರೆದರೇ ಹೊರತು ನಾನು ಹಾಗೆ ಮಾಡಿಲ್ಲ ಅಂತ ಬರೆಯಲಿಲ್ಲ. ಆ ಒಂದು ಸಾಲಿಗೆ ಇನ್ನೂ ಹೊಟ್ಟೆ ಉರಿಯುತ್ತದೆ. ಈ ಹೊರಗಿನವರಿಗೆ ಎಲ್ಲದಕ್ಕೂ ಜಾಸ್ತಿ ಚುಚ್ಚುತ್ತದೆ.

ಯಲ್ಲಾಪುರದವಳು: ನಾನು ದೂರು ಕೊಟ್ಟವಳು. ಸಿದ್ದಿ, ಆಫ್ರಿಕಾ ಮೂಲದ ಸಮುದಾಯ. ಕಲಿತದ್ದು ಕನ್ನಡ ಮೀಡಿಯಂ. ನಮ್ಮವರು ತಲೆತಲಾಂತರದಿಂದ ಇಲ್ಲೇ ಇದ್ದಾರೆ. 2003ರಲ್ಲಿ ಪರಿಶಿಷ್ಟ ಪಂಗಡದ ಪಟ್ಟಿಗೂ ಸೇರಿದ್ದೇವೆ. ಆದರೂ ಮ್ಯಾನೇಜರ್ ಹೊಸಬರಿಗೆಲ್ಲ ನನ್ನನ್ನು 'ನಮ್ಮ ಆಫ್ರಿಕಾ ಬ್ರಾಂಚ್' ಅಂತ ಪರಿಚಯಿಸುತ್ತಿದ್ದ. ಎಲ್ಲರೂ ನಗುತ್ತಿದ್ದರು. ಕನ್ನಡದಲ್ಲೇ ತಿರುಗಿಸಿ ಹೇಳಿದರೆ 'ಅಯ್ಯೋ, ಎಷ್ಟು ಚೆನ್ನಾಗಿ ಮಾತಾಡ್ತೀರಿ!' ದೂರು ಕೊಟ್ಟ ಮೇಲೆ ಟೀಮ್ ಬದಲಾಯಿತು, ಅವನದ್ದಲ್ಲ, ನನ್ನದು. ಎಲೆಕ್ಟ್ರಾನಿಕ್ ಸಿಟಿಯಲ್ಲಿ ಮನೆ, ಕೆಲಸ ಹೆಬ್ಬಾಳದ ಕಡೆ. ಆಫೀಸ್ ಕ್ಯಾಬ್ ಇಲ್ಲ. ತಿಂಗಳಿಗೆ 9,000 ಆಟೋಗೇ ಹೋಯಿತು. ಮನೆ ಬದಲಿಸಿದರೆ ಓನರ್ ಪೇಂಟಿಂಗ್ ಅಂತ ಅಡ್ವಾನ್ಸ್‌ನಲ್ಲಿ ಒಂದು ತಿಂಗಳ ಬಾಡಿಗೆ ಹಿಡಿದುಕೊಂಡ. ಮತ್ತೊಮ್ಮೆ ಹಾಗಾದರೆ ಮತ್ತೊಮ್ಮೆ ಕೊಡುತ್ತೇನೆ. ಜಯನಗರದವರೇ, 2012ರ ಆಗಸ್ಟ್‌ನಲ್ಲಿ ಹಲ್ಲೆ ಆಗುತ್ತದೆ ಎಂಬ ವದಂತಿಗೆ ಹೆದರಿ ಈಶಾನ್ಯದ ಸಾವಿರಾರು ಜನ ಇದೇ ಊರಿನಿಂದ ಗುವಾಹಟಿ ರೈಲು ಹತ್ತಿದ್ದರು. ಜಾಸ್ತಿ ಚುಚ್ಚುವುದು ಯಾಕೆ ಅಂತ ಗೊತ್ತಾಯಿತಾ?

ಜಯನಗರದವ: ನನ್ನ ಕೇಸಿಗೂ ರೈಲಿಗೂ ಏನು ಸಂಬಂಧ ಮೇಡಂ? ನಾನು ಯಾರನ್ನೂ ಓಡಿಸಿಲ್ಲ.

ಯಲ್ಲಾಪುರದವಳು: ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಯಾಕೆ ಮುಟ್ಟಿಕೊಳ್ಳುತ್ತೀರಿ?

ಬಿಟ್ಟುಬಂದವ: ಲಾಯರ್ ಗೀಯರ್ ಎಲ್ಲ ದಂಡ. ಲೈಂಗಿಕ ಕಿರುಕುಳಕ್ಕಾದರೆ 2013ರ ಕಾಯ್ದೆ ಇದೆ. 10 ಜನ ಇದ್ದರೆ ಸಮಿತಿ ಕಡ್ಡಾಯ, 90 ದಿನದಲ್ಲಿ ವಿಚಾರಣೆ ಮುಗಿಸಬೇಕು. ಈ ಜನಾಂಗೀಯ ತಾರತಮ್ಯಕ್ಕೆ ಅಂಥ ಕಾಯ್ದೆಯೇ ಇಲ್ಲ. ಈಶಾನ್ಯದವರ ಸಮಸ್ಯೆ ನೋಡಲು ಕೇಂದ್ರ ನೇಮಿಸಿದ್ದ ಬೇಜ್‌ಬರುವಾ ಸಮಿತಿ 2014ರಲ್ಲೇ ಪ್ರತ್ಯೇಕ ಕಲಂ ಬೇಕು ಅಂದಿತ್ತು. ಅದು ಕಾಗದದಲ್ಲೇ ಉಳಿಯಿತು. ಹಾಗಾಗಿ ಕಂಪನಿಯ ಕೋಡ್ ಆಫ್ ಕಂಡಕ್ಟ್ ಹೇಳಿದ್ದೇ ವೇದವಾಕ್ಯ. ನಾನು ರಾಜೀನಾಮೆ ಬಿಸಾಕಿದೆ. ನೋಟಿಸ್ ಪೀರಿಯಡ್ ಮುಗಿಸದೆ ಹೊರಟಿದ್ದಕ್ಕೆ ಬೈಔಟ್ ಅಂತ 2,40,000 ಕಟ್ಟಿದೆ, ಜಾಯ್ನಿಂಗ್ ಬೋನಸ್ ವಾಪಸ್ ಕೇಳಿದರು, ಅದೂ 1,00,000. ತಲೆ ಎತ್ತಿಕೊಂಡು ಬಂದೆ.

ಯಲ್ಲಾಪುರದವಳು: ಎಸ್‌ಸಿ, ಎಸ್‌ಟಿಯವರಿಗೆ 1989ರ ದೌರ್ಜನ್ಯ ತಡೆ ಕಾಯ್ದೆ ಇದೆ. 'ಕಾಯ್ದೆಯೇ ಇಲ್ಲ' ಅಂತ ಸಾರಬೇಡಿ.

ಜಯನಗರದವ: ತಲೆ ಎತ್ತಿಕೊಂಡಲ್ಲ, ಬಾಲ ಮುದುರಿಕೊಂಡು. ರಾಜೀನಾಮೆ ಕೊಟ್ಟರೆ ಒಪ್ಪಿಕೊಂಡ ಹಾಗೇ ಅಲ್ವಾ?

ಬಿಟ್ಟುಬಂದವ: 38,000 ಕೊಟ್ಟು 'ಸಾಬೀತಾಗಿಲ್ಲ' ಅನ್ನಿಸಿಕೊಂಡವರು ನೀವು. ನನಗೆ ಹೇಳಬೇಡಿ.

ಬೆಳ್ಳಂದೂರು ಲೀಡ್: ಗುರುವಾರ ವಿಚಾರಣೆ ಇದೆ. ಹಳೆಯ ಅಪ್ರೈಸಲ್ ಮೇಲ್‌ಗಳನ್ನು ತೆಗೆದುಕೊಂಡು ಹೋಗಲಾ?

ಗಿರಿನಗರ ಲೆಕ್ಕಿಗ: ಜಯನಗರದವರೇ, ಲಾಯರ್ ಫೀಸಿನ ಮೇಲೆ ಜಿಎಸ್‌ಟಿ ಎಲ್ಲಿಂದ ಬಂತು? ವ್ಯಾಪಾರ ಮಾಡದ ಸಾಮಾನ್ಯರಿಗೆ ವಕೀಲರ ಸೇವೆಗೆ ವಿನಾಯಿತಿ ಇದೆ. ನಿಮಗೆ ಟೋಪಿ ಹಾಕಿದ್ದಾನೆ.

ಜಯನಗರದವ: ರಸೀದಿ ಇದೆ ಸ್ವಾಮಿ.

ಗಿರಿನಗರ ಲೆಕ್ಕಿಗ: ಅದರಲ್ಲಿ ಜಿಎಸ್‌ಟಿ ನಂಬರ್ ಇದೆಯಾ ನೋಡಿ ಹೇಳಿ.